ಕೆರೆ ಏರಿ ಬಿಟ್ಟು ಎಲ್ಲಿಗೆ ಹೊರಟಿರಿ, ಮೇಷ್ಟ್ರೇ?

ಹಾಸನದಿಂದ ನಿವೃತ್ತ ಮೇಷ್ಟ್ರೊಬ್ಬರು ಹೀಗೆ ಬರೆದಿದ್ದಾರೆ: ‘ನಾವು ಕೆಲವು ಗೆಳೆಯರು ಭಾನುವಾರ ಬೆಳಿಗ್ಗೆ ಕ್ಯಾಮೆರಾ ಹಿಡಿದು ಊರ ಸುತ್ತಿನ ಕೆರೆ ಏರಿ, ತೋಟದ ಬೇಲಿ, ಗೋಮಾಳ ಅಂತ ಅಲೆಯುತ್ತೇವೆ. ಚಿಟ್ಟೆ, ಹಕ್ಕಿಗಳ ಫೋಟೊ ತೆಗೆಯುತ್ತೇವೆ. ಈಗ ಗುಂಪಿನ ಅರ್ಧ ಜನಕ್ಕೆ ಬೇಜಾರು ಬಂದಿದೆ. ಯಾವಾಗಲೂ ಅದೇ ಪಿಕಳಾರ, ಅದೇ ಬೆಳ್ಳಕ್ಕಿ. ದೊಡ್ಡ ಲೆನ್ಸ್ ತಗೊಂಡು ಭದ್ರಾ, ಕಬಿನಿ ಕಡೆ ಸಫಾರಿಗೆ ಹೋಗೋಣ ಎನ್ನುತ್ತಾರೆ. ಮೊಬೈಲಿನಲ್ಲಿ ಹಕ್ಕಿ ಕೂಗು ಹಾಕಿದರೆ ಹತ್ತಿರ ಬರುತ್ತದೆ, ಅದರಲ್ಲಿ ತಪ್ಪೇನು ಎಂದೂ ಒಬ್ಬರು ಕೇಳುತ್ತಾರೆ. ಉಳಿದವರಿಗೆ ಇಲ್ಲೇ ಸಾಕು. ನೀವೇನು ಹೇಳುತ್ತೀರಿ?’

ಮೇಷ್ಟ್ರೇ, ನಿಮ್ಮ ಪತ್ರ ಓದಿ ಖುಷಿಯಾಯಿತು, ಸ್ವಲ್ಪ ಕೋಪವೂ ಬಂತು. ನಿವೃತ್ತಿಯಾದ ಮೇಲೆ ಟಿವಿ ಮುಂದೆ ಕೂರದೆ ಕೆರೆ ಏರಿ ಹತ್ತಿದ್ದೀರಲ್ಲ, ಅದಕ್ಕೆ ಖುಷಿ. ಆದರೆ ‘ಅದೇ ಪಿಕಳಾರ’ ಎಂಬ ಮಾತನ್ನು ತಿದ್ದದೆ ಹಾಗೇ ಕಳಿಸಿದ್ದೀರಿ. ಅಷ್ಟು ವರ್ಷ ಮಕ್ಕಳ ನೋಟ್‌ಬುಕ್ ತಿದ್ದಿದವರು ನೀವು!

ಮೊದಲು ಆ ಅರ್ಧ ಜನಕ್ಕೆ ಸಲ್ಲಬೇಕಾದ್ದನ್ನು ಸಲ್ಲಿಸಿಬಿಡುತ್ತೇನೆ. ಬೇಸಿಗೆಯಲ್ಲಿ ಭದ್ರಾ ಜಲಾಶಯದ ನೀರು ಇಳಿದು ನಡುಗಡ್ಡೆಗಳು ಮೇಲೆದ್ದಾಗ ನದಿ ರೀವ (ರಿವರ್ ಟರ್ನ್) ಎಂಬ ನೀರುಹಕ್ಕಿಗಳು ದೊಡ್ಡ ಸಂಖ್ಯೆಯಲ್ಲಿ ಸೇರಿ ಮೊಟ್ಟೆ ಇಡುತ್ತವೆ. ಒಮ್ಮೆಯಾದರೂ ನೋಡಬೇಕು. ಹೋಗಿ ಬನ್ನಿ. ಹಕ್ಕಿಗೆ ಉದ್ದ ಲೆನ್ಸ್ ಬೇಕು ಅನ್ನುವುದೂ ನಿಜ. ದುಡ್ಡಿದ್ದರೆ ತಗೊಳ್ಳಲಿ. ಅವರ ಪರವಾಗಿ ನನ್ನ ಹತ್ತಿರ ಇರುವುದು ಇಷ್ಟೇ.

ಸಫಾರಿಯಲ್ಲಿ ಜೀಪು ನಿಂತ ಕಡೆ ನೀವು ನಿಲ್ಲಬೇಕು. ಕೆಳಗೆ ಇಳಿಯುವ ಹಾಗಿಲ್ಲ. ಜೀಪಿನ ಮೇಲೆ ಕೂತು ಒಳ್ಳೆಯ ಚಿಟ್ಟೆ ಫೋಟೊ ತೆಗೆದವರನ್ನು ನಾನಂತೂ ಕಂಡಿಲ್ಲ. ಚಿಟ್ಟೆಗೆ ಬೇಕಾದ್ದು ನಿಮ್ಮ ಮೊಣಕಾಲು. ಬೆಳಿಗ್ಗೆ ಬಿಸಿಲು ಬೀಳುತ್ತಿದ್ದ ಹಾಗೆ ಅದು ಹುಲ್ಲಿನ ಮೇಲೆ ರೆಕ್ಕೆ ಬಿಚ್ಚಿ ಮೈ ಕಾಯಿಸಿಕೊಳ್ಳುತ್ತದೆ. ಮೈ ಬಿಸಿಯಾಗದೆ ಅದಕ್ಕೆ ಹಾರಲು ಆಗುವುದಿಲ್ಲ. ಆಗ ಬಗ್ಗಿ, ಮೆಲ್ಲಗೆ, ನೆರಳು ಅದರ ಮೇಲೆ ಬೀಳದ ಹಾಗೆ ಹೋದರೆ ಸಾಧಾರಣ ಮೊಬೈಲಿಗೂ ಸಿಗುತ್ತದೆ. ಮಧ್ಯಾಹ್ನ ಅದರ ಹಿಂದೆ ಓಡಿದರೆ ನಿಮಗೆ ವ್ಯಾಯಾಮ ಅಷ್ಟೇ. ದನ ನೀರಿಗೆ ಇಳಿಯುವ ಜಾಗದಲ್ಲಿ ಕೆಸರು ಇರುತ್ತದಲ್ಲ, ಅಲ್ಲಿ ಕಾದು ಕೂತು ನೋಡಿ. ಉಪ್ಪಿನಂಶ ಹೀರಲು ಗಂಡು ಚಿಟ್ಟೆಗಳು ಗುಂಪಾಗಿ ಬರುತ್ತವೆ. ಗಂಜಲ ಬಿದ್ದ ಜಾಗವಾದರೆ ಇನ್ನೂ ಒಳ್ಳೇದು.

ಈ ಮೈ ಕಾಯಿಸುವ ಗುಟ್ಟು ತಿಳಿದ ಕೆಲವರು ಅದನ್ನು ಉಲ್ಟಾ ಬಳಸುತ್ತಾರೆ. ಚಿಟ್ಟೆಯನ್ನು ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟು, ಜಡವಾದ ಮೇಲೆ ತಂದು ಹೂವಿನ ಮೇಲೆ ಕೂರಿಸುತ್ತಾರೆ. ನಮ್ಮ ಕಚೇರಿಗೂ ಅಂಥ ಚಿತ್ರಗಳು ಬರುತ್ತವೆ. ರೆಕ್ಕೆ ಹರಡಿದ ರೀತಿ, ಹೂವಿಗೆ ತಾಗದ ಹೀರುನಳಿಗೆ ನೋಡಿದರೆ ಅನುಮಾನ ಬರುತ್ತದೆ. ಅಂಥವನ್ನು ನಾವು ಹಾಕುವುದಿಲ್ಲ.

ನಿಮ್ಮ ಗುಂಪು ಕಲಿಯಬೇಕಾದ್ದು ಕ್ಯಾಮೆರಾಗಿಂತ ಜಾಸ್ತಿ ಗಿಡ. ಎಕ್ಕದ ಗಿಡದಲ್ಲಿ ಪ್ಲೇನ್ ಟೈಗರ್ ಎಂಬ ಚಿಟ್ಟೆ ಮೊಟ್ಟೆ ಇಡುತ್ತದೆ. ಹರಳು ಗಿಡದಲ್ಲಿ ಕಾಮನ್ ಕ್ಯಾಸ್ಟರ್. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್‌ಗೆ ಈಶ್ವರಿ ಬಳ್ಳಿ ಮತ್ತು ಅದರ ಜಾತಿಯ ಬಳ್ಳಿಗಳು ಬೇಕು. ಅದರ ರೆಕ್ಕೆಯ ಹರವು 190 ಮಿಲಿಮೀಟರ್‌ವರೆಗೆ ಇರುತ್ತದೆ. 1932ರಲ್ಲಿ ಅಳೆದ ಒಂದರ ಲೆಕ್ಕದ ಮೇಲೆ ದೇಶದ ಅತಿ ದೊಡ್ಡ ಚಿಟ್ಟೆ ಎನ್ನಿಸಿಕೊಂಡಿತ್ತು. 2020ರಲ್ಲಿ ಹಿಮಾಲಯದ ಗೋಲ್ಡನ್ ಬರ್ಡ್‌ವಿಂಗ್ 194 ಮಿಲಿಮೀಟರ್ ಅಳತೆ ಕೊಟ್ಟು ಆ ಪಟ್ಟ ಕಸಿಯಿತು. ನಾಲ್ಕು ಮಿಲಿಮೀಟರ್ ಸೋಲು, ನಾವು ಕನ್ನಡಿಗರು ತಡೆದುಕೊಳ್ಳಬಹುದು. ಸಕಲೇಶಪುರದ ಕಡೆ ತೋಟ ಇರುವ ಸ್ನೇಹಿತರೊಬ್ಬರು ‘ಈಗ ಆ ದೊಡ್ಡ ಚಿಟ್ಟೆ ಯಾಕೋ ಬರಲ್ಲ’ ಎಂದು ನನ್ನ ಹತ್ತಿರ ದೂರು ಹೇಳಿದರು. ಬೇಲಿಯ ಬಳ್ಳಿ ಎಲ್ಲ ಏನಾಯ್ತು ಎಂದು ಕೇಳಿದೆ. ‘ಕಳೆ ಅಂತ ಕೀಳಿಸಿದೆ’ ಎಂದರು. ಅವರ ತೋಟದ ಆಳು ಹೆಂಗಸು ಮಾತ್ರ ಲೈನ್ ಮನೆ ಹಿಂದೆ ಒಂದು ಬಳ್ಳಿ ಉಳಿಸಿಕೊಂಡಿದ್ದಳು, ಬೇರು ಔಷಧಿಗೆ ಆಗುತ್ತದೆ ಅಂತ. ಚಿಟ್ಟೆ ಬರುತ್ತಿದ್ದದ್ದು ಅಲ್ಲಿಗೆ. ಯಜಮಾನರು ಆ ಕಡೆ ಹೋದವರೇ ಅಲ್ಲ.

ಇನ್ನು ಮೊಬೈಲಿನ ಕೂಗು. ಗೂಡು ಕಟ್ಟುವ ಕಾಲದಲ್ಲಿ ಗಂಡು ಹಕ್ಕಿ ಆ ಕೂಗು ಕೇಳಿ, ಇನ್ಯಾವನೋ ತನ್ನ ಜಾಗಕ್ಕೆ ನುಗ್ಗಿದ ಎಂದುಕೊಂಡು ಬರುತ್ತದೆ. ಮೇವು ಬಿಟ್ಟು, ಮರಿ ಬಿಟ್ಟು, ಇಲ್ಲದ ಶತ್ರುವಿನ ಜೊತೆ ಜಗಳಕ್ಕೆ ನಿಲ್ಲುತ್ತದೆ. ನಿಮ್ಮ ಗೆಳೆಯರು ಅದನ್ನು ‘ಒಳ್ಳೆ ಪೋಸ್’ ಎನ್ನುತ್ತಾರೆ. ಇದಕ್ಕಿಂತ ಕೆಟ್ಟದ್ದು ಗೂಡಿನ ಫೋಟೊ. ಚಿಕ್ಕಮಗಳೂರಿನ ಹತ್ತಿರದ ಒಂದು ಕೆರೆಯ ಬಳಿ ಯಾರೋ ಪಿಕಳಾರದ ಗೂಡು ಚೆನ್ನಾಗಿ ಕಾಣಲಿ ಅಂತ ಮರೆಗಿದ್ದ ಎಲೆ, ರೆಂಬೆ ಕತ್ತರಿಸಿದ್ದರು. ಫೋಟೊ ಬಂದಿರಬೇಕು. ಆಮೇಲೆ ನಾನು ಹೋಗುವ ಹೊತ್ತಿಗೆ ಗೂಡು ಖಾಲಿ. ಪಕ್ಕದ ಮರದಲ್ಲಿ ಕಾಗೆ ಕೂತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ‘ಬೇಟೆ’ಗೆ ಕೊಡುವ ವಿವರಣೆಯನ್ನು ನಿಮ್ಮ ಗುಂಪಿನಲ್ಲಿ ಒಮ್ಮೆ ಓದಿ ಹೇಳಿ. ಕಾಡುಹಕ್ಕಿಯ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡುವುದೂ ಅದರಲ್ಲಿ ಸೇರಿದೆ. ಕೋವಿ ಬೇಕಿಲ್ಲ.

ಕೋವಿ ಅಂದಾಗ ನೆನಪಾಯಿತು. 1939-40ರಲ್ಲಿ ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದರು. ಆ ಕಾಲದಲ್ಲಿ ಹಕ್ಕಿಯನ್ನು ಹೊಡೆದು, ಚರ್ಮ ಸುಲಿದು, ಊರು, ತಾರೀಖು ಬರೆದ ಚೀಟಿ ಕಟ್ಟಿ ಇಡುತ್ತಿದ್ದರು. ನಮಗೆ ಈಗ ಹೊಡೆಯುವ ಅಗತ್ಯ ಇಲ್ಲ, ಕ್ಯಾಮೆರಾ ಇದೆ. ಆದರೆ ಚೀಟಿ ಬರೆಯುವುದನ್ನೂ ಬಿಟ್ಟುಬಿಟ್ಟೆವು ನೋಡಿ. ನಮಗೆ ಬರುವ ಫೋಟೊಗಳಲ್ಲಿ ಕ್ಯಾಮೆರಾ ಯಾವುದು, ಲೆನ್ಸ್ ಯಾವುದು ಎಲ್ಲ ಇರುತ್ತದೆ. ಯಾವ ಊರು, ಯಾವತ್ತು, ಯಾವ ಗಿಡದ ಮೇಲೆ ಎಂಬುದು ಇರುವುದಿಲ್ಲ.

‘ಅದೇ ಹಕ್ಕಿ’ಗೆ ಇದನ್ನು ಬರೆದಿಟ್ಟರೆ ಏನಾಗುತ್ತದೆ ಗೊತ್ತಾ? 2023ರ ‘ಭಾರತದ ಹಕ್ಕಿಗಳ ಸ್ಥಿತಿಗತಿ’ ವರದಿ 942 ಜಾತಿಗಳನ್ನು ಪರಿಶೀಲಿಸಿತು. ಅದರ ಹಿಂದೆ 30,000ಕ್ಕೂ ಹೆಚ್ಚು ಹಕ್ಕಿ ನೋಡುವವರು ದಾಖಲಿಸಿದ 3 ಕೋಟಿ ಮಾಹಿತಿಗಳಿವೆ. ಅವರಲ್ಲಿ ಬಹಳ ಜನ ನಿಮ್ಮ ಹಾಗೆ ಭಾನುವಾರ ಹೊರಡುವವರೇ. ಆ ಲೆಕ್ಕದಿಂದ ತಿಳಿದ ಒಂದು ವಿಷಯ: ನಮ್ಮ ರಾಜ್ಯಪಕ್ಷಿ ನೀಲಕಂಠ ಕಡಿಮೆಯಾಗುತ್ತಿದೆ. ಅರಸೀಕೆರೆ ಕಡೆಯ ಬಯಲಿನಲ್ಲಿ ಕರೆಂಟ್ ತಂತಿ ಮೇಲೆ ಕೂತಿರುತ್ತದಲ್ಲ, ನಾವು ಬಸ್ಸಿನಿಂದ ನೋಡಿ ಸುಮ್ಮನಾಗುತ್ತೇವಲ್ಲ, ಅದೇ.

ಚಿಟ್ಟೆಯ ವಿಚಾರದಲ್ಲಿ ಹಾಸನದವರಿಗೆ ಇನ್ನೊಂದು ಅನುಕೂಲ ಇದೆ. ಬ್ಲೂ ಟೈಗರ್, ಕಾಮನ್ ಕ್ರೋ ಮುಂತಾದವು ಮುಂಗಾರಿಗೆ ಮುಂಚೆ ಘಟ್ಟದಿಂದ ಬಯಲಿನ ಕಡೆಗೆ ಹೊರಡುತ್ತವೆ, ಮಳೆಗಾಲ ಕಳೆದ ಮೇಲೆ ಹಿಂದಿರುಗುತ್ತವೆ. ನಿಮ್ಮ ಜಿಲ್ಲೆ ಒಂದು ಕಡೆ ಬಿಸಿಲೆ ಘಾಟಿ, ಇನ್ನೊಂದು ಕಡೆ ಬಯಲುಸೀಮೆ. ದಾರಿ ಮಧ್ಯದಲ್ಲೇ ಇದ್ದೀರಿ. ರಸ್ತೆ ದಾಟುವ ಚಿಟ್ಟೆ ಸಾಲಿನ ಒಂದು ಮಸುಕು ಫೋಟೊಗೆ ತಾರೀಖು ಇದ್ದರೆ, ಅದು ನನಗೆ ಹುಲಿಯ ಹತ್ತು ಫೋಟೊಗಿಂತ ಮೇಲು. ಉತ್ಪ್ರೇಕ್ಷೆ ಅನ್ನಿ, ಪರವಾಗಿಲ್ಲ. ಮೂಡಿಗೆರೆಯಲ್ಲಿದ್ದುಕೊಂಡು ತೇಜಸ್ವಿಯವರು ಹಕ್ಕಿಗಳ ಫೋಟೊ ತೆಗೆದದ್ದು ರೀಲಿನ ಕಾಲದಲ್ಲಿ. ಒಂದು ರೀಲಿಗೆ ಮೂವತ್ತಾರು ಫೋಟೊ, ಅದನ್ನೂ ತೊಳೆಸುವವರೆಗೆ ಏನು ಬಂದಿದೆ ಗೊತ್ತಿಲ್ಲ. ಈಗ ಒಂದು ನಿಮಿಷದಲ್ಲಿ ಅದಕ್ಕಿಂತ ಜಾಸ್ತಿ ಕ್ಲಿಕ್ಕಿಸಿ ‘ಏನೂ ಸಿಗಲಿಲ್ಲ’ ಎನ್ನುತ್ತೇವೆ.

ಹಳೇಬೀಡಿನಲ್ಲಿ ನಿಂತು ನೋಡಿ. ದೇವಸ್ಥಾನದ ಗೋಡೆಯ ಹಂಸಗಳ ಸಾಲನ್ನು ಎಲ್ಲರೂ ಫೋಟೊ ತೆಗೆಯುತ್ತಾರೆ. ಪಕ್ಕದಲ್ಲೇ ದ್ವಾರಸಮುದ್ರದ ಕೆರೆ. ಅಲ್ಲಿ ನೀರಿನ ಮೇಲಿರುವ ಜೀವಂತ ಹಕ್ಕಿ ಕಡೆಗೆ ತಿರುಗುವವರು ಎಷ್ಟು ಜನ? 2022ರಲ್ಲಿ ನಮ್ಮ ಚಂದ್ರದ್ರೋಣ ಬೆಟ್ಟಗಳಲ್ಲಿ ಕುರಿಂಜಿ ಅರಳಿತು. ಸಾಲು ಸಾಲು ಕಾರು, ಹೂವಿನ ನಡುವೆ ನಿಂತು ಸೆಲ್ಫಿ. ಅದೇ ಬೆಟ್ಟದ ಹುಲ್ಲು ಉಳಿದ ವರ್ಷಗಳಲ್ಲಿ ಯಾರಿಗೂ ಬೇಡ.

ಬೇಡವಾದದ್ದು ಹೋಗುತ್ತದೆ, ನನ್ನ ಹೊಟ್ಟೆಯುರಿ ಇರುವುದು ಇಲ್ಲೇ. ಕೆರೆ ಅಭಿವೃದ್ಧಿ ಅಂತ ಜೆಸಿಬಿ ಬರುತ್ತದೆ. ಜೊಂಡು ಕಿತ್ತು, ಸುತ್ತ ಕಲ್ಲು ಕಟ್ಟಿ, ವಾಕಿಂಗ್ ಪಾಥ್ ಮಾಡಿ, ಮೇಲೆ ಸಿಮೆಂಟಿನ ಕೊಕ್ಕರೆ ನಿಲ್ಲಿಸುತ್ತಾರೆ. ನಿಜವಾದ ಕೊಕ್ಕರೆಗೆ ಕಾಲೂರಲು ಕೆಸರು ಇರುವುದಿಲ್ಲ. ರಸ್ತೆ ಬದಿಯ ಗಿಡಕ್ಕೆ ಕಳೆ ಔಷಧಿ. ತೋಟದಲ್ಲಿ ಅತ್ತಿ, ಬಸರಿ ಕಡಿದು ಸಿಲ್ವರ್ ಓಕ್. ನೆಟ್ಟಗೆ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಬಹುದು, ಕಡಿಯಲು ಪರ್ಮಿಟ್ ತಾಪತ್ರಯ ಕಮ್ಮಿ ಎನ್ನುತ್ತಾರೆ. ಬೆಳೆಗಾರರ ಕಷ್ಟ ನನಗೂ ಗೊತ್ತು. ಆದರೆ ಮಂಗಟ್ಟೆಗೆ, ಕುಟ್ರು ಹಕ್ಕಿಗೆ ಬೇಕಾದ್ದು ಅತ್ತಿ ಹಣ್ಣು. ಸಿಲ್ವರ್ ಓಕ್ ಮರದಲ್ಲಿ ಅದಕ್ಕೆ ತಿನ್ನಲು ಏನಿದೆ? ಇವೆಲ್ಲ ಆಗುವಾಗ ‘ಇಲ್ಲಿ ಇಂಥ ಹಕ್ಕಿ ಇತ್ತು, ಇಂಥ ತಿಂಗಳು ಇತ್ತು’ ಎಂದು ಕಾಗದ ಮುಂದಿಡಲು ಊರಲ್ಲಿ ಒಬ್ಬರಾದರೂ ಬೇಕು. ಸಫಾರಿಗೆ ಹೋದವರ ಹತ್ತಿರ ಆ ಕಾಗದ ಇರುವುದಿಲ್ಲ.

ನೀವು ‘ಕಾಮನ್ ರೋಸ್’ ಎಂದು ಬರೆದು ಕಳಿಸಿದ ಚಿಟ್ಟೆ ಫೋಟೊ ನೋಡಿದೆ. ಅದು ರೋಸ್ ಅಲ್ಲ, ಕಾಮನ್ ಮಾರ್ಮನ್‌ನ ಹೆಣ್ಣು. ರೋಸ್‌ನ ಮೈ ಕೆಂಪು, ನಿಮ್ಮದರ ಮೈ ಕಪ್ಪು. ರೋಸ್ ವಿಷದ ಬಳ್ಳಿ ತಿಂದು ಬೆಳೆದದ್ದು, ಹಕ್ಕಿಗಳು ಮುಟ್ಟುವುದಿಲ್ಲ. ಈಕೆ ಅದರ ವೇಷ ಹಾಕಿಕೊಂಡು ತಿರುಗುತ್ತಾಳೆ. ಮೊಟ್ಟೆ ಇಡಲು ಕರಿಬೇವು, ನಿಂಬೆ ಗಿಡ ಹುಡುಕುತ್ತಾಳೆ. ಹಿತ್ತಲಲ್ಲಿ ಕರಿಬೇವು ಇದ್ದರೆ ಎಳೆ ಎಲೆಗಳನ್ನು ನೋಡಿ. ಹಕ್ಕಿ ಹಿಕ್ಕೆಯ ಹಾಗೆ ಕಾಣುವುದು ಅದರ ಮರಿಹುಳು, ಬೆಳೆದ ಮೇಲೆ ಹಸಿರಾಗುತ್ತದೆ. ಮನೆಯವರಿಗೆ ಒಗ್ಗರಣೆಗೆ ಆ ರೆಂಬೆ ಮುಟ್ಟಬೇಡಿ ಅಂತ ಹೇಳಿ, ಫೋಟೊ ತೆಗೆದು ಕಳಿಸಿ. ತಾರೀಖು ಬರೆಯಿರಿ.