ಸೂರಿನ ನೀರಿನಿಂದಲೇ ಪಾಠ ಶುರುವಾಗಲಿ

ಸಂಪಾದಕರ ಉತ್ತರ

ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯೊಂದರಿಂದ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಜೂನ್ ಮೊದಲ ವಾರದಿಂದ ಪ್ರತಿ ಭಾನುವಾರ ಎರಡು ಗಂಟೆ ಅವರು ಮಕ್ಕಳಿಗೆ ಫೋಟೋಗ್ರಫಿ ಹೇಳಿಕೊಡುತ್ತಿದ್ದಾರೆ. ಕೈಯಲ್ಲಿರುವುದು ಯಾರೋ ಕೊಟ್ಟ ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾ ಒಂದು, ಅದರ 18–55 ಮಿಲಿಮೀಟರಿನ ಝೂಮ್ ಲೆನ್ಸು, ಮಕ್ಕಳು ಮನೆಯಿಂದ ತರುವ ನಾಲ್ಕೈದು ಮೊಬೈಲು. ಮೊದಲ ಮೂರು ವಾರ ಬೋರ್ಡಿನ ಮೇಲೆ ಅಪರ್ಚರ್ (ಬೆಳಕು ಬರುವ ತೂತಿನ ಅಗಲ), ಶಟರ್ (ಬೆಳಕಿಗೆ ಬಾಗಿಲು ತೆರೆದಿರುವ ಹೊತ್ತು), ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಎಂದು ತ್ರಿಕೋನ ಬರೆದು ವಿವರಿಸಿದರಂತೆ. ಹದಿನಾಲ್ಕು ಮಕ್ಕಳಿದ್ದದ್ದು ಒಂಬತ್ತಕ್ಕೆ ಇಳಿದಿದೆ. "ಮಳೆ ಬಿಡುತ್ತಿಲ್ಲ, ಹೊರಗೆ ಕರೆದೊಯ್ಯುವಂತಿಲ್ಲ. ತ್ರಿಕೋನ ತಲೆಗೆ ಹೋಗುತ್ತಿಲ್ಲ. ಮೊಬೈಲಿನಲ್ಲಿ ಕಲಿತರೆ ಅದು ಕಲಿಕೆಯೇ? ಸಾಲದ್ದಕ್ಕೆ ಲೆನ್ಸಿನೊಳಗೆ ಜೇಡರ ಬಲೆಯಂಥದ್ದು ಕಾಣುತ್ತಿದೆ. ಹತ್ತು ವಾರಕ್ಕೆ ಒಂದು ಸಿಲಬಸ್ ಹಾಕಿಕೊಡಿ" ಎಂದು ಕೇಳಿದ್ದಾರೆ.

ಮೇಷ್ಟ್ರೇ, ನಿಮ್ಮ ತ್ರಿಕೋನ ಸರಿಯಾಗಿಯೇ ಇದೆ. ಅದು ಬರಬೇಕಾದ್ದು ಕೊನೆಗೆ. ಮೂರು ಅಪರಿಚಿತ ಸಂಗತಿಗಳನ್ನು ಒಂದೇ ದಿನ ಹೇಳಿ, ಅವು ಒಂದನ್ನೊಂದು ಹೇಗೆ ತೂಗುತ್ತವೆ ಎಂದೂ ಹೇಳಿದರೆ ದೊಡ್ಡವರಿಗೇ ತಲೆ ಸುತ್ತುತ್ತದೆ. ಒಂದು ತರಗತಿಗೆ ಒಂದೇ ಚಕ್ರ ತಿರುಗಲಿ, ಅದು ತಿರುಗಿದಾಗ ಏನಾಯಿತು ಎಂಬುದು ಮಗುವಿನ ಕಣ್ಣಿಗೆ ಅಲ್ಲೇ ಬೀಳಲಿ. ಯಾವ ಚಕ್ರ ಮೊದಲು ಎಂಬುದನ್ನು ನಮ್ಮ ಕಡೆ ಮಳೆಯೇ ತೀರ್ಮಾನಿಸುತ್ತದೆ. ಬಿಸಿಲ ನಾಡಿನವರು ಬರೆದ ಪುಸ್ತಕಗಳು ಬಯಲು ಬೆಳಕಿನಲ್ಲಿ ಅಪರ್ಚರ್‌ನಿಂದ ಶುರುಮಾಡುತ್ತವೆ. ಆರಿದ್ರೆಯಿಂದ ಆಶ್ಲೇಷೆಯವರೆಗೆ ಸೂರ್ಯನನ್ನೇ ಕಾಣದ ನಿಮ್ಮ ಊರಿನಲ್ಲಿ ಶಟರ್‌ನಿಂದ ಶುರುಮಾಡಿ. ಅದಕ್ಕೆ ಬೇಕಾದ ಪ್ರಯೋಗಶಾಲೆ ಶಾಲೆಯ ಸೂರಿನಲ್ಲೇ ಸುರಿಯುತ್ತಿದೆ.

ಮಕ್ಕಳನ್ನು ಜಗಲಿಯಲ್ಲಿ ನಿಲ್ಲಿಸಿ. ಸೂರಿನಿಂದ ನೀರು ಬೀಳುವ ಗೆರೆಯ ಆಚೆ ಕಪ್ಪಾಗಿ ಕಾಣುವ ಏನಾದರೂ ಇರಬೇಕು: ತೋಟ, ಬಾಗಿಲು ತೆರೆದ ಕೊಟ್ಟಿಗೆ, ಏನೂ ಇಲ್ಲದಿದ್ದರೆ ಬಿಚ್ಚಿಟ್ಟ ಕರಿಯ ಕೊಡೆ. ಹಿಂದೆ ಬಿಳಿ ಆಕಾಶವಿದ್ದರೆ ಮಳೆಯೇ ಮಾಯ. ಬಹುಪಾಲು ಮಳೆಯ ಚಿತ್ರಗಳಲ್ಲಿ ಮಳೆ ಕಾಣದಿರಲು ಕಾರಣ ಇದೊಂದೇ. ಕ್ಯಾಮೆರಾದ ಡಯಲನ್ನು ಶಟರ್ ನಾವು ಆರಿಸುವ ಮೋಡ್‌ಗೆ ತಿರುಗಿಸಿ. ನಿಕಾನ್ ಆದರೆ ಎಸ್, ಕೆನಾನ್ ಆದರೆ ಟಿವಿ ಎಂದು ಬರೆದಿರುತ್ತದೆ. ಲೆನ್ಸ್ 35ರ ಸುಮಾರಿಗಿರಲಿ. ಆಟೋಫೋಕಸ್ ಹನಿಗಳನ್ನು ಹಿಡಿಯಲಾರದೆ ಹಿಂದೆ ಮುಂದೆ ಓಡಾಡುತ್ತದೆ. ಆದ್ದರಿಂದ ಒಬ್ಬ ಹುಡುಗ ಮಡಿಸಿದ ಕೊಡೆಯನ್ನು ನೀರು ಬೀಳುವ ಗೆರೆಯಲ್ಲೇ ಹಿಡಿದು ನಿಲ್ಲಲಿ, ಅದರ ಮೇಲೆ ಫೋಕಸ್ ಮಾಡಿ, ಲೆನ್ಸಿನ ಪಕ್ಕದ ಗುಂಡಿಯನ್ನು ಮ್ಯಾನ್ಯುಯಲ್‌ಗೆ ತಳ್ಳಿಬಿಡಿ.

ಈಗ ಐಎಸ್‌ಒ 1600, ಶಟರ್ 1/1000 ಸೆಕೆಂಡು. ಮೇಲೆ ದಾರದಂತೆ ಇಳಿಯುವ ನೀರು ಕೆಳಗೆ ಬರುತ್ತ ಬರುತ್ತ ಹನಿಹನಿಯಾಗಿ ಮುರಿದಿರುವುದು ಪರದೆಯ ಮೇಲೆ ಕಾಣುತ್ತದೆ. ಬರಿಗಣ್ಣಿಗೆ ಇದು ಎಂದೂ ಕಂಡಿರುವುದಿಲ್ಲ. ಮುಂದೆ 1/60, ಹನಿಗಳು ಗೆರೆಗಳಾಗುತ್ತವೆ. ಆಮೇಲೆ ಐಎಸ್‌ಒ 100ಕ್ಕೆ ಇಳಿಸಿ 1/4 ಸೆಕೆಂಡು, ಕ್ಯಾಮೆರಾ ಸ್ಟೂಲಿನ ಮೇಲೆ, ಎರಡು ಸೆಕೆಂಡಿನ ಟೈಮರ್ ಹಾಕಿ. ನೀರು ರೇಷ್ಮೆಯ ಎಳೆಯಾಗುತ್ತದೆ. ಒಂದೇ ಸೂರು, ಒಂದೇ ಮಳೆ, ಮೂರು ಚಿತ್ರ. ಅಪರ್ಚರ್ ಅಂಕಿ ಮಿಟುಕಿದರೆ ಆ ಬೆಳಕಿಗೆ ಆ ಶಟರ್ ಹೊಂದುತ್ತಿಲ್ಲ ಎಂದರ್ಥ. ಐಎಸ್‌ಒ ಏರಿಸಿ ಅಥವಾ ಇಳಿಸಿ. ತ್ರಿಕೋನದ ಎರಡನೆಯ ಮೂಲೆ ಹೀಗೆ ತಾನಾಗಿಯೇ ಒಳಗೆ ಬಂತು. ಅದಕ್ಕೆ ಇವತ್ತು ಹೆಸರಿಡಬೇಕಾಗಿಲ್ಲ.

ನೀವು ವಿಜ್ಞಾನದ ಮೇಷ್ಟ್ರು, ಹಾಗಾಗಿ ಇನ್ನೊಂದು ಹೆಜ್ಜೆ. ಸೂರು ನೆಲದಿಂದ 2.5 ಮೀಟರ್ ಎತ್ತರವಿದ್ದರೆ ಹನಿ ನೆಲ ಮುಟ್ಟುವಾಗಿನ ವೇಗದ ವರ್ಗ 2×9.8×2.5, ಅಂದರೆ 49. ವೇಗ ಸೆಕೆಂಡಿಗೆ 7 ಮೀಟರ್. 1/60ರಲ್ಲಿ ಆ ಹನಿ ಎಳೆಯುವ ಗೆರೆ ಸುಮಾರು 12 ಸೆಂಟಿಮೀಟರ್, 1/1000ರಲ್ಲಿ 7 ಮಿಲಿಮೀಟರ್. ಹನಿ ಬೀಳುವ ಗೆರೆಯಲ್ಲೇ ಅಳತೆಪಟ್ಟಿ ನೆಟ್ಟು, ನೆಲದ ಸಮೀಪದ ಗೆರೆಗಳನ್ನು ಚಿತ್ರದಲ್ಲಿ ಅಳೆಸಿ. ತಾವು ಲೆಕ್ಕ ಹಾಕಿದ ಅಂಕಿ ಚಿತ್ರದಲ್ಲಿ ಕಂಡ ಮಗು ಶಟರ್ ಎಂದರೇನು ಎಂದು ಮತ್ತೆ ಕೇಳುವುದಿಲ್ಲ.

ಒಂಬತ್ತು ಮಕ್ಕಳಿಗೆ ಒಂದು ಕ್ಯಾಮೆರಾ ಸಾಲದು ಎಂಬ ಚಿಂತೆ ಬೇಡ. ಮೂವರ ಗುಂಪು ಮಾಡಿ: ಒಬ್ಬರು ತೆಗೆಯಲಿ, ಒಬ್ಬರು ಪ್ರತಿ ಚಿತ್ರದ ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯಲಿ, ಒಬ್ಬರು ಕೊಡೆ ಹಿಡಿಯಲಿ. ಹತ್ತು ನಿಮಿಷಕ್ಕೊಮ್ಮೆ ಕೆಲಸ ಬದಲಿ. ಕ್ಯಾಮೆರಾದ ಪಟ್ಟಿ ಕೊರಳಿಗೆ ಬಿದ್ದ ಮೇಲಷ್ಟೇ ಕೈಬದಲು. ಮಗು ತಡಕಾಡುತ್ತಿರುವಾಗ "ಕೊಡು ಇಲ್ಲಿ" ಎಂದು ನೀವು ಮಾತ್ರ ಕ್ಯಾಮೆರಾ ಕಸಿದುಕೊಳ್ಳಬೇಡಿ. ಬಾಯಲ್ಲಿ ಹೇಳಿ, ಬೆರಳಿಟ್ಟು ತೋರಿಸಿ, ಕೈ ಅವರದೇ ಇರಲಿ. ಕಲಿಸುವವರು ಅತಿ ಹೆಚ್ಚು ಮಾಡುವ ತಪ್ಪು ಇದು, ಮತ್ತು ಬಿಟ್ಟುಹೋದ ಮಕ್ಕಳಲ್ಲಿ ಕೆಲವರು ಇಂಥದ್ದಕ್ಕೇ ಹೋಗಿರುತ್ತಾರೆ.

ಮಳೆಗಾಲದ ಎರಡನೆಯ ಪಾಠ ಮುಖ. ಹಂಚಿನ ಮನೆಯ ಜಗಲಿಗಿಂತ ಒಳ್ಳೆಯ ಸ್ಟುಡಿಯೋ ಇಲ್ಲ. ಮೇಲಿನ ಬೆಳಕನ್ನು ಮಾಡು ತಡೆಯುತ್ತದೆ, ಅಂಗಳದಿಂದ ಒಂದೇ ಮಗ್ಗುಲಿನ ಮೆದು ಬೆಳಕು ಬರುತ್ತದೆ. ಅಜ್ಜಿಯನ್ನೋ ಗೆಳತಿಯನ್ನೋ ಜಗಲಿಯ ಅಂಚಿನಿಂದ ಎರಡಡಿ ಒಳಗೆ ಕೂರಿಸಿ ಮುಖವನ್ನು ಮೊದಲು ಅಂಗಳಕ್ಕೆ ನೇರ, ಆಮೇಲೆ ಅರ್ಧ, ಆಮೇಲೆ ಪೂರ್ತಿ ಗೋಡೆಯ ಕಡೆಗೆ ತಿರುಗಿಸಿ ನೋಡಿಸಿ. ಕ್ಯಾಮೆರಾ ಮುಟ್ಟುವ ಮೊದಲು ಮೂಗಿನ ನೆರಳು ಎಲ್ಲಿ ಬಿತ್ತು, ಕಣ್ಣಿನಲ್ಲಿ ಬೆಳಕಿನ ಚುಕ್ಕಿ ಇದೆಯೇ ಎಂದು ಹೇಳಿಸಿ. ಕಣ್ಣಿನ ಚುಕ್ಕಿ ಹೋದ ಕ್ಷಣ ಮುಖ ಸಪ್ಪೆಯಾಗುವುದನ್ನು ಅವರೇ ಕಂಡುಕೊಳ್ಳಬೇಕು. ನೆರಳಿನ ಕಡೆ ತೀರಾ ಕಪ್ಪಾದರೆ ಒಂದು ಬಿಳಿ ಪಂಚೆಯನ್ನು ಮೂರಡಿ ದೂರದಲ್ಲಿ ಹಿಡಿದರೆ ಸಾಕು. ಗಿಡಗಳ ಪಕ್ಕದಲ್ಲೇ ಕೂತರೆ ಎಲೆಯಿಂದ ಮರಳಿದ ಬೆಳಕು ಮುಖಕ್ಕೆ ಹಸಿರು ಬಳಿಯುತ್ತದೆ. ಅದನ್ನು ಆಮೇಲೆ ಮೊಬೈಲಿನಲ್ಲಿ ತಿದ್ದುವುದಕ್ಕಿಂತ ನಾಲ್ಕು ಹೆಜ್ಜೆ ಈಚೆ ಬರುವುದು ಲೇಸು.

ಅಪರ್ಚರ್ ಪಾಠಕ್ಕೆ ಬಿಸಿಲು ಬೇಕು. ದಸರಾ ರಜೆಯವರೆಗೆ ಕಾಯಿರಿ, ಅವಸರವಿಲ್ಲ. ಹಂಚಿನ ಸಂದಿಯಿಂದ ಇಳಿಯುವ ಬಿಸಿಲುಕೋಲು ನೆಲದ ಮೇಲೆ ದುಂಡಗಿನ ಚುಕ್ಕಿ ಇಡುವುದನ್ನು ಈ ಮಕ್ಕಳೆಲ್ಲ ನೋಡಿದ್ದಾರೆ. ಸಂದಿ ಸೊಟ್ಟಗಿದ್ದರೂ ಚುಕ್ಕಿ ಯಾಕೆ ದುಂಡಗೆ? ರಟ್ಟಿನಲ್ಲಿ 5 ಮಿಲಿಮೀಟರಿನ ಚೌಕ ತೂತು ಕೊರೆದು ಬಿಸಿಲಿಗೆ ಹಿಡಿಯಿರಿ. ಹತ್ತು ಸೆಂಟಿಮೀಟರ್ ದೂರದ ಕಾಗದದ ಮೇಲೆ ಬೆಳಕು ಚೌಕವಾಗಿಯೇ ಬೀಳುತ್ತದೆ. ಮೂರು ಮೀಟರ್ ದೂರ ಒಯ್ದರೆ ಸುಮಾರು 3 ಸೆಂಟಿಮೀಟರಿನ ದುಂಡು. ಅದು ತೂತಿನ ಆಕಾರವಲ್ಲ, ಸೂರ್ಯನ ಚಿತ್ರ. 2019ರ ಡಿಸೆಂಬರ್ 26ರ ಗ್ರಹಣದ ಬೆಳಗ್ಗೆ ಮರದ ಕೆಳಗಿನ ಚುಕ್ಕಿಗಳೆಲ್ಲ ಕುಡುಗೋಲಿನಂತೆ ಬಾಗಿದ್ದು ಇದೇ ಕಾರಣಕ್ಕೆ.

ಇಷ್ಟಾದ ಮೇಲೆ ತರಗತಿಯನ್ನೇ ಕ್ಯಾಮೆರಾ ಮಾಡಿ. ಅಡಿಕೆಗೆ ಹಾಸುವ ಕರಿ ಟಾರ್ಪಾಲನ್ನು ಎರಡು ಪದರ ಮಾಡಿ ಕಿಟಕಿ ಬಾಗಿಲು ಮುಚ್ಚಿ. ನೀಲಿಯದು ಬೆಳಕು ಬಿಡುತ್ತದೆ, ಬೇಡ. ಬಾಗಿಲ ಕೆಳಗಿನ ಸಂದಿಗೆ ಗೋಣಿ ತುರುಕಿ. ಬಿಸಿಲು ಬಿದ್ದ ಮೈದಾನಕ್ಕೆ ಎದುರಾದ ಕಿಟಕಿಯಲ್ಲಿ 1.5 ಸೆಂಟಿಮೀಟರಿನ ತೂತು. ಅದರಿಂದ ಒಂದು ಮೀಟರ್ ಒಳಗೆ ಬಿಳಿ ಪಂಚೆಯನ್ನು ಬಿಗಿಯಾಗಿ ಹಿಡಿಸಿ. ಕಣ್ಣು ಕತ್ತಲಿಗೆ ಒಗ್ಗಲು ಹತ್ತು ನಿಮಿಷ ಕೊಡಿ. ಮರ ತಲೆಕೆಳಗಾಗಿ, ಮೈದಾನದಲ್ಲಿ ಓಡುವ ಹುಡುಗ ತಲೆಕೆಳಗಾಗಿ ಓಡುತ್ತ ಪಂಚೆಯ ಮೇಲೆ ಬರುತ್ತಾನೆ. ತೂತನ್ನು 3 ಸೆಂಟಿಮೀಟರಿಗೆ ಹಿಗ್ಗಿಸಿ: ಬೆಳಕು ನಾಲ್ಕುಪಟ್ಟು, ಚಿತ್ರ ಮಬ್ಬು. 7 ಮಿಲಿಮೀಟರಿಗೆ ಕುಗ್ಗಿಸಿ: ಚಿತ್ರ ಚೊಕ್ಕ, ಬೆಳಕು ಕ್ಷೀಣ. ಕೊನೆಗೆ ದೊಡ್ಡ ತೂತಿಗೆ ಓದುವ ಕನ್ನಡಕದ ಪ್ಲಸ್ 1 ಪವರಿನ ಗಾಜು ಅಂಟಿಸಿ. ಅದರ ಫೋಕಲ್ ಲೆಂಗ್ತ್, ಅಂದರೆ ದೂರದ ವಸ್ತುವಿನ ಚಿತ್ರ ಚೊಕ್ಕವಾಗಿ ಮೂಡುವ ದೂರ, ಸರಿಯಾಗಿ ಒಂದು ಮೀಟರ್. ಪಂಚೆಯನ್ನು ಮುಂದಕ್ಕೂ ಹಿಂದಕ್ಕೂ ಸರಿಸುತ್ತಿದ್ದಂತೆ ಒಂದು ಜಾಗದಲ್ಲಿ ಮರದ ಎಲೆಗಳು ತಟ್ಟನೆ ಬಿಡಿಬಿಡಿಯಾಗಿ ನಿಲ್ಲುತ್ತವೆ. ಲೆನ್ಸ್ ಯಾಕೆ ಬೇಕು, ಫೋಕಸ್ ಎಂದರೇನು, ತೂತು ಚಿಕ್ಕದಾದರೆ ಯಾಕೆ ಹಿಂದೆ ಮುಂದೆ ಎಲ್ಲವೂ ಸ್ಪಷ್ಟವಾಗುತ್ತದೆ ಎಂಬುದೆಲ್ಲ ಆ ಕತ್ತಲ ಕೋಣೆಯಲ್ಲೇ ಮುಗಿಯಿತು.

ಬೋರ್ಡಿನ ಮೇಲೆ ಅಂಕಿ ಬರೆಯುವ ದಿನ ಈಗ ಬಂತು. ಅಪರ್ಚರಿನ ಎಫ್ ಅಂಕಿಗಳು 4, 5.6, 8, 11, 16: ಅಂಕಿ ಏರಿದಂತೆ ತೂತು ಚಿಕ್ಕದು, ಒಂದೊಂದು ಮೆಟ್ಟಿಲಿಗೂ ಬೆಳಕು ಅರ್ಧ. ಶಟರ್‌ನಲ್ಲೂ ಐಎಸ್‌ಒದಲ್ಲೂ ಮೆಟ್ಟಿಲೆಂದರೆ ದುಪ್ಪಟ್ಟು ಅಥವಾ ಅರ್ಧವೇ. ಅಡಿಕೆ ಒಣಗುವ ಬಿಸಿಲಿನ ಅಂಗಳದಲ್ಲಿ ಐಎಸ್‌ಒ 100, ಎಫ್/8, 1/400 ಇಟ್ಟು ಒಂದು ಚಿತ್ರ ತೆಗೆಸಿ, ಅದೇ ಅಂಕಿಗಳೊಂದಿಗೆ ತೋಟದೊಳಗೆ ಕರೆದೊಯ್ಯಿರಿ. ಚಿತ್ರ ಕಪ್ಪು. ಗರಿಗಳ ಅಡಿಯ ಬೆಳಕು ಅಂಗಳಕ್ಕಿಂತ ಸುಮಾರು ಐದು ಮೆಟ್ಟಿಲು ಕೆಳಗಿರುತ್ತದೆ. ತೋಟ ದಟ್ಟವಾಗಿದ್ದರೆ ಆರು. ಆ ಐದನ್ನು ಎಲ್ಲೆಲ್ಲಿಂದ ತರುತ್ತೀರಿ ಎಂದು ಮಕ್ಕಳನ್ನೇ ಕೇಳಿ. ಲೆನ್ಸನ್ನು 18ಕ್ಕೆ ಇಟ್ಟು ಎಫ್/4ಕ್ಕೆ ತೆರೆದರೆ ಎರಡು, ಶಟರ್ 1/100ಕ್ಕೆ ಇಳಿಸಿದರೆ ಎರಡು, ಐಎಸ್‌ಒ 200 ಮಾಡಿದರೆ ಒಂದು. ಇನ್ನೊಬ್ಬ ಹುಡುಗಿ ಬೇರೆ ರೀತಿ ಹಂಚಬಹುದು, ಅದೂ ಸರಿ. ತ್ರಿಕೋನವನ್ನು ಬೇಕಾದರೆ ಆ ದಿನ ಬರೆಯಿರಿ.

ಮೊಬೈಲಿನ ಪ್ರಶ್ನೆ. ಕಲಿಯಬಹುದು, ಚೆನ್ನಾಗಿಯೇ ಕಲಿಯಬಹುದು. ಬೆಳಕು, ಚೌಕಟ್ಟು, ಹತ್ತಿರ ಹೋಗುವುದು, ಕಾಯುವುದು, ಇವಕ್ಕೆಲ್ಲ ಮೊಬೈಲು ಸಾಕು. ಬಹುಪಾಲು ಮೊಬೈಲುಗಳಲ್ಲಿ ಅಪರ್ಚರ್ ಬದಲಾಗುವುದಿಲ್ಲ ಎಂಬುದನ್ನು ಮಕ್ಕಳಿಗೆ ಹೇಳಿಬಿಡಿ. ಪೋರ್ಟ್ರೇಟ್ ಮೋಡ್‌ನಲ್ಲಿ ಹಿನ್ನೆಲೆಯ ಮಬ್ಬು ಮೊಬೈಲೇ ಲೆಕ್ಕ ಹಾಕಿ ಬಳಿದದ್ದು, ಹಾಗಾಗಿ ಕೂದಲಿನ ಅಂಚಿನಲ್ಲಿ ಎಡವುತ್ತದೆ. ಶಟರ್, ಐಎಸ್‌ಒ ನಾವೇ ಆರಿಸುವ ಪ್ರೊ ಮೋಡ್ ಇದ್ದರೆ ಸೂರಿನ ಪಾಠ ಅದರಲ್ಲೂ ನಡೆಯುತ್ತದೆ. ಇಲ್ಲದಿದ್ದರೆ ಪರದೆಯನ್ನು ಒತ್ತಿಹಿಡಿದು ಫೋಕಸ್ ಕಟ್ಟಿಹಾಕಿ, ಬೆರಳನ್ನು ಮೇಲೆ ಕೆಳಗೆ ಎಳೆದು ಬೆಳಕು ಹೆಚ್ಚು ಕಡಿಮೆ ಮಾಡುವುದನ್ನು ಕಲಿಸಿ. ಪ್ರತಿ ತರಗತಿಯ ಮೊದಲ ಕೆಲಸ ಹಳೆಯ ಹತ್ತಿ ಬಟ್ಟೆಯಿಂದ ಲೆನ್ಸ್ ಒರೆಸುವುದು. ಮೊಬೈಲ್ ಚಿತ್ರಗಳು ಮಂಜು ಕವಿದಂತೆ ಕಾಣಲು ಮುಕ್ಕಾಲುಪಾಲು ಕಾರಣ ಬೆರಳಿನ ಎಣ್ಣೆ.

ಇಷ್ಟೆಲ್ಲ ಹೇಳಿಯೂ, ಎರಡು ಗಂಟೆಯಲ್ಲಿ ಒಂದು ಗಂಟೆ ಚಿತ್ರ ತೆಗೆಯಲು, ಇನ್ನೊಂದು ಗಂಟೆ ನೋಡಲು ಇರಲಿ ಎಂದು ಒತ್ತಿ ಹೇಳುತ್ತೇವೆ. ನೋಡುವ ಗಂಟೆಯಿಲ್ಲದ ತರಗತಿ ಬರೀ ಯಂತ್ರದ ತರಬೇತಿ. ಒಬ್ಬರಿಗೆ ದಿನಕ್ಕೆ ಹನ್ನೆರಡೇ ಚಿತ್ರ, ಅದರಲ್ಲಿ ಎರಡನ್ನು ಅವರೇ ಆರಿಸಲಿ. ತಿಂಗಳಿಗೊಮ್ಮೆಯಾದರೂ 4×6 ಇಂಚಿನ ಪ್ರಿಂಟ್ ಹಾಕಿಸಿ ನೆಲದ ಮೇಲೆ ಹರಡಿ. ಪರದೆಯಲ್ಲಿ ಚಿತ್ರ ಸರಿದು ಹೋಗುತ್ತದೆ, ಕಾಗದದಲ್ಲಿ ನಿಲ್ಲುತ್ತದೆ. ತೆಗೆದವರು ಮೊದಲು ಮಾತಾಡಬಾರದು. ಉಳಿದವರು "ಚೆನ್ನಾಗಿದೆ" ಎನ್ನಬಾರದು. "ಕಣ್ಣು ಮೊದಲು ಎಲ್ಲಿಗೆ ಹೋಯಿತು? ಬೆಳಕು ಯಾವ ಕಡೆಯಿಂದ ಬಂದಿದೆ? ಇದರಲ್ಲಿ ಯಾವುದು ಇಲ್ಲದಿದ್ದರೂ ನಡೆಯುತ್ತಿತ್ತು?" ಈ ಮೂರು ಪ್ರಶ್ನೆ ಸಾಕು. ನೀವು ಕೊನೆಗೆ ಮಾತಾಡಿ, ಕಡಿಮೆ ಮಾತಾಡಿ. ಚೌಕಟ್ಟನ್ನು ಮೂರು ಭಾಗ ಮಾಡುವ ಸೂತ್ರವನ್ನು ಮೊದಲ ತಿಂಗಳು ಹೇಳಲೇಬೇಡಿ. ಹೇಳಿದರೆ ಎಲ್ಲರ ಚಿತ್ರವೂ ಒಂದೇ ಅಚ್ಚಿನಿಂದ ಬಿದ್ದಂತೆ ಬರತೊಡಗುತ್ತದೆ.

ಹೊರಗೆ ಹೋಗುವುದಾದರೆ ತುಂಗಾ ನದಿಯ ಮಂಡಗದ್ದೆ ಪಕ್ಷಿಧಾಮ ನಿಮಗೆ ಶಿವಮೊಗ್ಗದ ದಾರಿಯಲ್ಲೇ ಇದೆ. 55ರ ಲೆನ್ಸಿಗೆ ಹಕ್ಕಿಗಳು ಚುಕ್ಕಿಯಾಗಿ ಕಾಣುತ್ತವೆ, ಬೇಸರಪಡದೆ ನದಿ ಮತ್ತು ಮರಗಳೊಂದಿಗೆ ಸೇರಿಸಿ ತೆಗೆಯಲಿ. ಕಡುಹಸಿರಿನ ನಡುವೆ ಬೆಳ್ಳಕ್ಕಿ ಗರಿಯಿಲ್ಲದ ಬಿಳಿ ಮುದ್ದೆಯಾಗಿ ಬಂದರೆ ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಕ್ಯಾಮೆರಾ ತಾನಾಗಿ ಲೆಕ್ಕ ಹಾಕಿದ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಸೌಲಭ್ಯ) ಮೈನಸ್ 1ಕ್ಕೆ ಇಳಿಸಿ. ಗೂಡಿನ ಹತ್ತಿರ ಹೋಗುವುದು, ಫ್ಲಾಶ್ ಹಾಕುವುದು, ಚಪ್ಪಾಳೆ ತಟ್ಟಿ ಹಾರಿಸುವುದು ಕೂಡದು. ಸುಲಿತದ ಕಾಲ ಬಂದಾಗ ಒಂದೇ ಮನೆಯ ಅಡಿಕೆ ಕೆಲಸವನ್ನು ಐದು ಚಿತ್ರದಲ್ಲಿ ಹೇಳಿಸಿ: ಇಡೀ ಅಂಗಳ, ಸುಲಿಯುವ ಗುಂಪು, ಒಬ್ಬರ ಮುಖ, ಮೆಟ್ಟುಗತ್ತಿಯ ಮೇಲಿನ ಕೈ, ಹಂಡೆಯ ಹಬೆ. ಕೇಳಿಯೇ ತೆಗೆಯಲಿ, ಪ್ರಿಂಟ್ ಒಂದನ್ನು ಆ ಮನೆಗೂ ಕೊಡಲಿ.

ಇನ್ನು ಲೆನ್ಸಿನ ಬಲೆ. ಅದು ಬೂಷ್ಟು. ಹಿಂದಿನ ಮುಚ್ಚಳ ತೆಗೆದು ಓರೆಯಾಗಿ ಟಾರ್ಚ್ ಬಿಟ್ಟು ನೋಡಿ. ಅಂಚಿನಲ್ಲಿ ನಾಲ್ಕು ಎಳೆ ಇದ್ದರೆ ಚಿತ್ರದಲ್ಲಿ ಕಾಣುವುದಿಲ್ಲ, ಬೆಳಕಿಗೆ ಎದುರಾಗಿ ತೆಗೆದಾಗ ಮಾತ್ರ ಮಸುಕಾಗಬಹುದು. ಬಿಚ್ಚಲು ಹೋಗಬೇಡಿ. ಮುಂದಕ್ಕೆ ಹಬ್ಬದಂತೆ ನೋಡಿಕೊಳ್ಳಿ: ರಬ್ಬರ್ ಬಿಗಿಯಿರುವ ಮುಚ್ಚಳದ ಹತ್ತು ಲೀಟರಿನ ಡಬ್ಬಿ, 200 ಗ್ರಾಂ ಸಿಲಿಕಾ ಜೆಲ್, ಒಳಗೊಂದು ಚಿಕ್ಕ ತೇವಮಾಪಕ. ಮುಳ್ಳು ಶೇಕಡಾ 40–50ರ ನಡುವೆ ಇರಲಿ. ಕಿತ್ತಳೆ ಬಣ್ಣದ ಜೆಲ್ ತನ್ನಿ, ತೇವ ಹೀರಿದಾಗ ಹಸಿರಾಗುತ್ತದೆ. ನೀಲಿಯದರಲ್ಲಿ ಕೋಬಾಲ್ಟ್ ಲವಣವಿರುವುದರಿಂದ ಶಾಲೆಗೆ ಬೇಡ. ಬಣ್ಣ ತಿರುಗಿದ ಮೇಲೆ ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದರೆ ಮತ್ತೆ ಕಿತ್ತಳೆಯಾಗುತ್ತದೆ, ಆರಿದ ಮೇಲೆ ಡಬ್ಬಿಗೆ. ಅಕ್ಕಿಯಲ್ಲಿ ಹೂತಿಡುವುದು ಬೇಡ, ಅಕ್ಕಿಗೇ ತೇವವಿದೆ, ಹಿಟ್ಟಿನ ಧೂಳು ಬೇರೆ. ಚರ್ಮದ ಚೀಲ, ಬಟ್ಟೆಯ ಬೀರು ಎರಡೂ ಬೂಷ್ಟಿನ ತವರು. ವಾರಕ್ಕೊಮ್ಮೆ ಹೊರತೆಗೆದು ಬಳಸುವುದೇ ದೊಡ್ಡ ಔಷಧ, ಅದು ನಿಮ್ಮ ಭಾನುವಾರಗಳಲ್ಲಿ ಆಗುತ್ತಿದೆ.

ಹತ್ತು ವಾರದ ಸಿಲಬಸ್ಸನ್ನು ನಾವು ಹಾಕಿಕೊಡಲಿಲ್ಲ. ಮಳೆಗಾಲಕ್ಕೆ ಸೂರು ಮತ್ತು ಜಗಲಿ, ದಸರೆಗೆ ಕತ್ತಲ ಕೋಣೆ, ಅಲ್ಲಿಂದ ಕೊಯ್ಲಿನವರೆಗೆ ಅಂಗಳ ಮತ್ತು ತೋಟ, ಇಷ್ಟು ಹಿಡಿದುಕೊಂಡರೆ ವರ್ಷ ತುಂಬುತ್ತದೆ. ಮುಂದೆ ಇದನ್ನೇ ಓದಬೇಕೆನ್ನುವ ಮಗುವಿಗೆ ಮೈಸೂರಿನ ಚಾಮರಾಜೇಂದ್ರ ಸರ್ಕಾರಿ ದೃಶ್ಯಕಲಾ ಕಾಲೇಜಿನ (ಕಾವಾ) ಹೆಸರು ಹೇಳಿಡಿ.

ಸೂರಿನ ಮೂರು ಚಿತ್ರಗಳನ್ನು ನಮಗೂ ಕಳಿಸಿ. ಯಾರು ತೆಗೆದದ್ದು, ಎಷ್ಟು ಶಟರ್, ಗೆರೆ ಎಷ್ಟು ಉದ್ದ ಎಂದು ಮಕ್ಕಳೇ ಬೇರೆ ಚೀಟಿಯಲ್ಲಿ ಬರೆದಿಡಲಿ. ಪ್ರಿಂಟಿನ ಬೆನ್ನಿಗೆ ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದರೆ ಮುಂದೆ ಗೀರು ಮೂಡುತ್ತದೆ.