ಹೊಗೆಯಲ್ಲಿ ಇದ್ದದ್ದು, ಬಾಟಲಿಯಲ್ಲಿ ಇಲ್ಲದ್ದು
(ಸಂಪಾದಕರ ಉತ್ತರ)

ಹುಣಸೂರು ಕಡೆಯ ಓದುಗರೊಬ್ಬರು ಇಂಗ್ಲೆಂಡಿನ ಲೆಸ್ಟರ್‌ನಿಂದ ಪತ್ರ ಬರೆದಿದ್ದಾರೆ. ಹದಿನೆಂಟು ವರ್ಷ ದಿನಕ್ಕೊಂದು ಪ್ಯಾಕು ಸಿಗರೇಟು ಸೇದಿದವರು. ಎಂಟು ತಿಂಗಳಿಂದ ಬರೀ ವೇಪ್ (ನಿಕೋಟಿನ್ ದ್ರವವನ್ನು ಕಾಯಿಸಿ ಆವಿ ಎಳೆಯುವ ಇ-ಸಿಗರೇಟು). “ನಿಕೋಟಿನ್ ಸಿಗುತ್ತಿದೆ, ಆದರೂ ಏನೋ ಕಮ್ಮಿ. ಊಟ ಆದಮೇಲೆ ತಡೆಯೋಕೆ ಆಗಲ್ಲ. ತಂಬಾಕಿನ ಎಲ್ಲಾ ಆಲ್ಕಲಾಯ್ಡ್‌ಗಳೂ ಇರೋ ದ್ರವ ತಗೋ ಅಂತಾನೆ ಗೆಳೆಯ. ತಗೊಳ್ಳಲಾ? ಅಣ್ಣನ ಬ್ಯಾರನ್‌ನಲ್ಲಿ ಸೊಪ್ಪು ಇದ್ದೇ ಇದೆ, ದಸರಾಕ್ಕೆ ಬಂದಾಗ ನಾವೇ ರಸ ತೆಗೆದುಕೊಂಡರೆ ಆಗಲ್ವಾ? ಇಲ್ಲಾ ಇದೆಲ್ಲ ನನ್ನ ಭ್ರಮೆಯಾ?” ಇದು ಅವರ ಪ್ರಶ್ನೆ. (ಆಲ್ಕಲಾಯ್ಡ್ ಅಂದರೆ ನಿಕೋಟಿನ್ ಥರ ಗಿಡಗಳಲ್ಲಿ ಸಿಗುವ, ಮೈಮೇಲೆ ಪರಿಣಾಮ ಬೀರುವ ರಾಸಾಯನಿಕ. ಬ್ಯಾರನ್ ಅಂದರೆ ಹೊಗೆಸೊಪ್ಪು ಬೇಯಿಸಿ ಒಣಗಿಸುವ ಮನೆ.)

ಭ್ರಮೆ ಅಲ್ಲ. ಮೊದಲು ಅದನ್ನು ಹೇಳಿಬಿಡುತ್ತೇನೆ. ಎಂಟು ತಿಂಗಳು ಸಿಗರೇಟು ಮುಟ್ಟದೆ ಇದ್ದೀರಲ್ಲ, ಅದು ಸಣ್ಣ ಮಾತಲ್ಲ. ನಾನೂ ಸೇದುತ್ತಿದ್ದವನು. ಊಟದ ನಂತರದ ಆ ಹತ್ತು ನಿಮಿಷ ಹೇಗಿರುತ್ತದೆ ಅಂತ ನನಗೆ ಗೊತ್ತು.

ನಿಮ್ಮ ಅಣ್ಣ ಹೊಗೆಸೊಪ್ಪಿನ ಗಿಡ ಹೂ ಬಿಡುವ ಹೊತ್ತಿಗೆ ತುದಿ ಮುರಿಯುತ್ತಾರಲ್ವಾ? ನಿಕೋಟಿನ್ ಹುಟ್ಟುವುದು ಬೇರಿನಲ್ಲಿ. ಅಲ್ಲಿಂದ ಅದು ಎಲೆಗೆ ಏರುತ್ತದೆ. ತುದಿ ಮುರಿದರೆ ಇನ್ನೂ ಜಾಸ್ತಿ ಹುಟ್ಟುತ್ತದೆ. ಹುಳ ತಿನ್ನದಿರಲಿ ಎಂದು ಗಿಡ ಮಾಡಿಕೊಂಡ ವಿಷ ಅದು. ಅದರ ಜೊತೆಗೆ ಒಡಹುಟ್ಟಿದವೂ ಇವೆ: ನಾರ್‌ನಿಕೋಟಿನ್, ಅನಟಾಬಿನ್, ಅನಬಾಸಿನ್, ಮಯೋಸ್ಮಿನ್. ಎಲೆಯ ಒಟ್ಟು ಆಲ್ಕಲಾಯ್ಡ್‌ಗಳಲ್ಲಿ ಸುಮಾರು 95 ಪಾಲು ನಿಕೋಟಿನ್ನೇ. ಉಳಿದ 5 ಪಾಲಿನಲ್ಲಿ ಇವೆಲ್ಲ ಸೇರಿವೆ. ವೇಪ್ ದ್ರವಕ್ಕೆ ಹಾಕುವುದು ಶುದ್ಧ ಮಾಡಿದ ನಿಕೋಟಿನ್. ಅದರಲ್ಲಿ ಈ ಒಡಹುಟ್ಟುಗಳು ಇರುವುದು ತೀರಾ ಕಡಿಮೆ. ನಿಮ್ಮ ಗೆಳೆಯರ ಮಾತು ಇಷ್ಟರಮಟ್ಟಿಗೆ ಸರಿ.

ಅವರ ವಾದಕ್ಕೆ ಆಧಾರವೂ ಇದೆ. ಫ್ರಾನ್ಸಿನ ಸಂಶೋಧಕರು 2009ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ನಿಕೋಟಿನ್ ಜೊತೆ ಇಂಥ ಐದು ಸಣ್ಣ ಆಲ್ಕಲಾಯ್ಡ್‌ಗಳನ್ನು ಸೇರಿಸಿ ಕೊಟ್ಟಾಗ ಇಲಿಗಳು ಅದಕ್ಕಾಗಿ ಇನ್ನೂ ಹೆಚ್ಚು ಹಾತೊರೆದವು. ಆದರೆ ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಚಟ ಬಿಡಲು ಹೊರಟವರಿಗೆ ಇದು ಸಿಹಿಸುದ್ದಿಯೇ? ಹಿಡಿತ ಇನ್ನೂ ಬಿಗಿಯಾಗುತ್ತದೆ ಎಂದಲ್ಲವೇ ಇದರ ಅರ್ಥ?

ಇದಕ್ಕಿಂತ ದೊಡ್ಡ ಕಥೆ ಮಿದುಳಿನಲ್ಲಿದೆ. ನ್ಯೂಯಾರ್ಕ್ ರಾಜ್ಯದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಜೋಆನಾ ಫೌಲರ್ ಮತ್ತು ಜೊತೆಯವರು 1996ರಲ್ಲಿ ಸಿಗರೇಟು ಸೇದುವವರ ಮಿದುಳಿನ ಸ್ಕ್ಯಾನ್ ಮಾಡಿದರು. ನಮಗೆ ಹಿತ ಅನ್ನಿಸುವಂತೆ ಮಾಡುವ ಡೋಪಮಿನ್ ಅನ್ನು ಒಡೆದುಹಾಕಲು ಮಿದುಳಿನಲ್ಲಿ ಮೋನೋಅಮೈನ್ ಆಕ್ಸಿಡೇಸ್ ಎಂಬ ಕಿಣ್ವ ಇದೆ. ಅದರ ‘ಬಿ’ ಬಗೆ, ಸೇದುವವರಲ್ಲಿ ಸುಮಾರು 40 ಶೇಕಡಾ ಕಡಿಮೆ ಇತ್ತು. ಒಡೆಯುವ ಕಿಣ್ವ ಕಡಿಮೆಯಾದರೆ ಡೋಪಮಿನ್ ಹೆಚ್ಚು ಹೊತ್ತು ಉಳಿಯುತ್ತದೆ. ಹಿಂದೆ ಸೇದಿ ಬಿಟ್ಟವರಲ್ಲಿ ಮಾಮೂಲಿ ಮಟ್ಟದಲ್ಲೇ ಇತ್ತು. ನಿಕೋಟಿನ್ ಒಂದೇ ಈ ಕೆಲಸ ಮಾಡುವುದಿಲ್ಲ. ಹೊಗೆಯಲ್ಲಿ ಇರುವ ಬೇರೆ ವಸ್ತುಗಳು ಮಾಡುತ್ತವೆ. ಅವುಗಳಲ್ಲಿ ಹಾರ್ಮನ್ ಮತ್ತು ನಾರ್‌ಹಾರ್ಮನ್ ಎಂಬ ಎರಡು ಆಲ್ಕಲಾಯ್ಡ್‌ಗಳು ಸೇರಿವೆ.

ನಿಮ್ಮ ಗೆಳೆಯರು ತಪ್ಪಿದ್ದು ಇಲ್ಲೇ. ಈ ಎರಡೂ ಹಸಿ ಎಲೆಯಲ್ಲಿ ಅಷ್ಟಾಗಿ ಇರುವುದಿಲ್ಲ. ಬಹುಪಾಲು ಹುಟ್ಟುವುದು ಸಿಗರೇಟು ಉರಿಯುವಾಗ. ಕಾಫಿ ಬೀಜ ಹುರಿದಾಗಲೂ ಹುಟ್ಟುತ್ತವೆ. ನಮ್ಮ ಫಿಲ್ಟರ್ ಕಾಫಿಯಲ್ಲೂ ಇವೆ! ಹಾಗಾಗಿ ಸುಡದ ಎಲೆಯಿಂದ ರಸ ತೆಗೆದು ಬಾಟಲಿಗೆ ತುಂಬಿದರೆ, ನೀವು ಹುಡುಕುತ್ತಿರುವುದು ಅದರಲ್ಲಿ ಹೆಚ್ಚಾಗಿ ಬರುವುದೇ ಇಲ್ಲ. ‘ಎಲ್ಲಾ ಆಲ್ಕಲಾಯ್ಡ್’ ಎಂಬ ಹೆಸರು ನೋಡಿ ದುಡ್ಡು ಕೊಡಬೇಡಿ.

ಬರಬಾರದ್ದು ಮಾತ್ರ ಬರುತ್ತದೆ. ನಾರ್‌ನಿಕೋಟಿನ್ ನೈಟ್ರೈಟ್ ಜೊತೆ ಸೇರಿದರೆ ಎನ್‌ಎನ್‌ಎನ್ ಎಂಬ ನೈಟ್ರೋಸಮೈನ್ ಆಗುತ್ತದೆ. ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಸೇರಿಸಿದೆ. ನಮ್ಮೂರುಗಳಲ್ಲಿ ಕಡ್ಡಿಪುಡಿ, ಗುಟ್ಕಾ ಜಗಿಯುವವರ ಬಾಯಿಯನ್ನು ತಿನ್ನುವ ವಿಷಗಳಲ್ಲಿ ಇದೂ ಒಂದು. ಅಲ್ಲಿ ಹೊಗೆಯೇ ಇಲ್ಲ, ಸುಡುವುದೂ ಇಲ್ಲ, ಆದರೂ ಕ್ಯಾನ್ಸರ್ ಬರುತ್ತದೆ. ವೇಪ್ ಮಾಡುವವರ ಎಂಜಲಿನಲ್ಲೂ ಎನ್‌ಎನ್‌ಎನ್ ಸ್ವಲ್ಪ ಕಂಡುಬಂದಿದೆ. ಅಂಥದ್ದರಲ್ಲಿ ನಾರ್‌ನಿಕೋಟಿನ್ ಅನ್ನು ನಾವೇ ಕೈಯಾರೆ ಹೆಚ್ಚಿಸಿಕೊಳ್ಳುವುದು ಯಾಕೆ?

ಮನೆಯಲ್ಲಿ ರಸ ತೆಗೆಯುವ ಮಾತಂತೂ ಬೇಡವೇ ಬೇಡ. ದಯವಿಟ್ಟು. ಮಳೆಯಲ್ಲಿ ನೆನೆದ ಸೊಪ್ಪು ಮುರಿಯುವ ಕೂಲಿಯವರಿಗೆ ವಾಂತಿ, ತಲೆಸುತ್ತು ಬರುವುದನ್ನು ನಿಮ್ಮ ಅಣ್ಣ ನೋಡಿಯೇ ಇರುತ್ತಾರೆ. ಅದು ಚರ್ಮದಿಂದ ಒಳಗಿಳಿದ ನಿಕೋಟಿನ್ನಿನ ಕೆಲಸ. ಎಲೆ ಮುಟ್ಟಿದ್ದಕ್ಕೇ ಹಾಗಾದರೆ, ಗಟ್ಟಿ ರಸ ಕೈಮೇಲೆ ಚೆಲ್ಲಿದರೆ ಏನಾಗಬಹುದು? ಮನೆಯಲ್ಲಿ ಮಕ್ಕಳಿದ್ದಾರೆ ಎಂದೂ ಬರೆದಿದ್ದೀರಿ. ಜೊತೆಗೆ ಎಲೆಗೆ ಹೊಡೆದ ಔಷಧಿಯೂ ಅದರಲ್ಲಿರಬಹುದು. ಅದನ್ನು ಕಾಯಿಸಿ ಶ್ವಾಸಕೋಶಕ್ಕೆ ಎಳೆದುಕೊಳ್ಳುವ ಯೋಚನೆಯನ್ನೇ ಬಿಟ್ಟುಬಿಡಿ.

ಹಾಗಾದರೆ ಆ ‘ಏನೋ ಕಮ್ಮಿ’ಗೆ ಏನು ಮಾಡುವುದು? ನಿಮ್ಮ ಪತ್ರದಲ್ಲಿ ಒಂದು ಸಣ್ಣ ಸಾಲು ನನ್ನ ಕಣ್ಣಿಗೆ ಬಿತ್ತು. ನೀವು ಬಳಸುವುದು ಮಿಲಿಲೀಟರಿಗೆ 6 ಮಿಲಿಗ್ರಾಂ ನಿಕೋಟಿನ್ ಇರುವ ದ್ರವ. ಇಂಗ್ಲೆಂಡಿನಲ್ಲಿ ಕಾನೂನು ಬಿಡುವುದು ಮಿಲಿಲೀಟರಿಗೆ 20 ಮಿಲಿಗ್ರಾಂವರೆಗೆ. ಹದಿನೆಂಟು ವರ್ಷ ದಿನಕ್ಕೊಂದು ಪ್ಯಾಕು ಸೇದಿದವರಿಗೆ 6 ಸಾಲದೇ ಇರಬಹುದು. ಬೇರೆ ಆಲ್ಕಲಾಯ್ಡ್ ಹುಡುಕುವ ಮೊದಲು ಇದನ್ನು ನೋಡಿಕೊಳ್ಳಿ. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನ ಧೂಮಪಾನ ಬಿಡಿಸುವ ಸೇವೆಗೆ ಹೋಗಿ ಕೇಳಿ. ವೇಪ್ ಜೊತೆ ಪ್ಯಾಚ್ (ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿ) ಹಚ್ಚಿಕೊಳ್ಳಬಹುದೇ ಎಂದು ಅವರೇ ಹೇಳುತ್ತಾರೆ. ಸೈಟಿಸಿನ್ ಬಗ್ಗೆಯೂ ಕೇಳಿ. ಅದೂ ಒಂದು ಗಿಡದ ಆಲ್ಕಲಾಯ್ಡೇ, ಆದರೆ ಚಟ ಬಿಡಿಸುವುದು. ಪೂರ್ವ ಯುರೋಪಿನಲ್ಲಿ 1960ರ ದಶಕದಿಂದ ಬಳಕೆಯಲ್ಲಿದ್ದ ಈ ಮಾತ್ರೆ 2024ರ ಜನವರಿಯಿಂದ ನಿಮ್ಮಲ್ಲೂ ವೈದ್ಯರ ಚೀಟಿಗೆ ಸಿಗುತ್ತಿದೆ.

ವೇಪ್ ಕೂಡ ಕೊನೆಯ ನಿಲ್ದಾಣ ಆಗಬಾರದು. ಇಂಗ್ಲೆಂಡಿನಲ್ಲೇ 886 ಜನರ ಮೇಲೆ ನಡೆದ ಅಧ್ಯಯನದ ಫಲಿತಾಂಶ 2019ರಲ್ಲಿ ಬಂತು. ಒಂದು ವರ್ಷದ ನಂತರ ಸಿಗರೇಟು ಬಿಟ್ಟೇ ಇದ್ದವರು ವೇಪ್ ಗುಂಪಿನಲ್ಲಿ 18 ಶೇಕಡಾ, ಪ್ಯಾಚ್, ಗಮ್ ಮುಂತಾದವುಗಳ ಗುಂಪಿನಲ್ಲಿ 9.9 ಶೇಕಡಾ. ಆದರೆ ವೇಪ್‌ನಿಂದ ಬಿಟ್ಟವರಲ್ಲಿ 80 ಶೇಕಡಾ ಜನ ಆಗಲೂ ವೇಪ್ ಎಳೆಯುತ್ತಲೇ ಇದ್ದರು. ಹಾಗಂತ ಆತುರ ಬೇಡ. ಸಿಗರೇಟಿಗೆ ವಾಪಸ್ ಹೋಗುವುದಕ್ಕಿಂತ ಇನ್ನೂ ಆರು ತಿಂಗಳು ವೇಪ್ ಎಳೆಯುವುದು ಎಷ್ಟೋ ವಾಸಿ.

ದಸರಾಕ್ಕೆ ಬರುವಾಗ ವೇಪ್ ಅಲ್ಲೇ ಬಿಟ್ಟು ಬನ್ನಿ. ಕರ್ನಾಟಕದಲ್ಲಿ 2016ರಿಂದ, ಇಡೀ ದೇಶದಲ್ಲಿ 2019ರಿಂದ ಅದಕ್ಕೆ ನಿಷೇಧ ಇದೆ. ಹೊರದೇಶದಿಂದ ತರುವುದೂ ಅಪರಾಧ. ಮೊದಲ ಸಲಕ್ಕೇ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಪ್ಯಾಚ್, ಗಮ್ ತಂದುಕೊಳ್ಳಿ. ಆ ಹೊತ್ತಿಗೆ ಬ್ಯಾರನ್ ಉರಿಯುತ್ತಿರುತ್ತದೆ, ಸೊಪ್ಪಿನ ವಾಸನೆ ಊರೆಲ್ಲ ತುಂಬಿರುತ್ತದೆ. ಅಲ್ಲಿ ನಿಂತು ತಡೆಯಲಾಗದೆ ಹೋದರೆ ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಫೋನ್ ಮಾಡಿ. ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು.