ಡಾಟ್ ಇನ್ ಬಿಡಬೇಡಿ ಸರ್

ಶಿಡ್ಲಘಟ್ಟದ ರೇಷ್ಮೆ ನೂಲಿನ ಅಂಗಡಿಯ ಡಾಟ್ ಇನ್ (.in) ವೆಬ್‌ಸೈಟ್ ಹೆಸರು ರಿನ್ಯೂ ಮಾಡೋ ಬದಲು, ಒಂದೇ ಸಲ ದುಡ್ಡು ಕಟ್ಟಿ ಬ್ಲಾಕ್‌ಚೈನ್ ಮೇಲೆ ಸಿಗುವ ಡಾಟ್ ಕ್ರಿಪ್ಟೋ (.crypto) ಹೆಸರು ತಗೊಳ್ಳಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಇಂಟರ್ನೆಟ್ ಹೆಸರುಗಳನ್ನು ನಿಭಾಯಿಸುವ ಜಾಗತಿಕ ಸಂಸ್ಥೆ ಐಕ್ಯಾನ್ ನೋಡಿಕೊಳ್ಳುವ ಮೂಲ ಪಟ್ಟಿಯಲ್ಲಿ ಡಾಟ್ ಕ್ರಿಪ್ಟೋ ಇಲ್ಲವೇ ಇಲ್ಲ. ಗಿರಾಕಿ ಮೊಬೈಲಿನ ಕ್ರೋಮ್‌ನಲ್ಲಿ ಟೈಪ್ ಮಾಡಿದರೆ ನಿಮ್ಮ ಪುಟ ತೆರೆಯೋದಿಲ್ಲ.

ಇನ್ನೂ ದೊಡ್ಡ ಭಯ ಬೇರೆ ಇದೆ. ಆ ಹೆಸರು ಇರೋದು ನಿಮ್ಮ ವ್ಯಾಲೆಟ್‌ನಲ್ಲಿ, ಅಂದ್ರೆ ಕ್ರಿಪ್ಟೋ ಇಡುವ ಡಿಜಿಟಲ್ ಪರ್ಸ್‌ನಲ್ಲಿ. ಅದರ ಗುಟ್ಟಿನ ಪದಗಳು ಕಳೆದುಹೋದರೆ ಹೆಸರೂ ಹೋಯ್ತು, ಕೇಳೋಕೆ ದಿಕ್ಕಿಲ್ಲ. ಡಾಟ್ ಇನ್‌ನಲ್ಲಾದರೆ ನಿಮ್ಮ ಟ್ರೇಡ್‌ಮಾರ್ಕ್ ಹೆಸರನ್ನು ಯಾರಾದರೂ ಹೊಡೆದುಕೊಂಡರೆ ಡಾಟ್ ಇನ್ ನೋಡಿಕೊಳ್ಳುವ ನಿಕ್ಸಿ ಸಂಸ್ಥೆಗೆ ದೂರು ಕೊಡಬಹುದು.

2017ರಲ್ಲಿ ಬಂದ ಡಾಟ್ ಇಟಿಎಚ್ (.eth) ಅನ್ನೋ ಇಂಥದ್ದೇ ಬ್ಲಾಕ್‌ಚೈನ್ ಹೆಸರು ನಿಜಕ್ಕೂ ಒಳ್ಳೆ ಕೆಲಸ ಮಾಡಿದೆ, ಕ್ರಿಪ್ಟೋ ಹಣ ತರಿಸಿಕೊಳ್ಳೋಕೆ 42 ಅಕ್ಷರದ ವ್ಯಾಲೆಟ್ ವಿಳಾಸದ ಬದಲು ಒಂದು ಹೆಸರು ಕೊಟ್ಟರೆ ಸಾಕು. ಆದರೆ ಅದಕ್ಕೂ ವರ್ಷಕ್ಕಿಷ್ಟು ಅಂತ ಕಟ್ಟಲೇಬೇಕು. ನಿಮ್ಮ ರಿನ್ಯೂ ತಾರೀಕು ಹತ್ತಿರ ಬಂದಿದ್ರೆ ಇವತ್ತೇ ಕಟ್ಟಿಬಿಡಿ.